ಬಂಡೀಪುರ: ಒಂದು ಉದ್ಯಾನದ ವಸ್ತು ಮತ್ತು ವಿನ್ಯಾಸಗಳ ಪರಿವರ್ತನೆ

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಹೆದ್ದಾರಿಯು ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಮೂಲಕ ಉದಕಮಂಡಲಕ್ಕೂ, ಮತ್ತೊಂದು ಮದ್ದೂರು, ಮೂಲೆಹೊಳೆಗಳ ಮೂಲಕ ವಯನಾಡಿಗೂ ಹೋಗುತ್ತವೆ. ಈ ಎರಡು ದಾರಿಗಳೂ ಹಾದುಹೋಗುವ ಅರಣ್ಯವನ್ನು ಇಂದು ನಾವು ಬಂಡೀಪುರ ರಾಷ್ಟ್ರೀಯ ಉದ್ಯಾನವೆಂದೂ ಹುಲಿ ಸಂರಕ್ಷಿತ ಪ್ರದೇಶವೆಂದೂ ಕರೆಯುತ್ತೇವೆ. ಆದರೆ ಒಂದು ಶತಮಾನದೊಳಗೆ ಈ ಕಾಡು ಹಲವು ರೂಪಗಳಲ್ಲಿ ಪರಿಚಿತವಾಗಿದೆ: ಅರಸರ ಬೇಟೆಯ ಕಾಡು, ವನ್ಯಮೃಗಗಳ ಆಶ್ರಯಸ್ಥಾನ, ವೇಣುಗೋಪಾಲ ವನ್ಯಜೀವಿ ಉದ್ಯಾನ, ಹುಲಿ ಯೋಜನೆಯ ಪ್ರದೇಶ, ನೀಲಗಿರಿ ಜೀವಗೋಳದ ಅಂಗ. ಹೆಸರು ಬದಲಾದಾಗಲೆಲ್ಲ ಆ ಕಾಡು ಯಾರಿಗಾಗಿ, ಯಾವುದಕ್ಕಾಗಿ ಇದೆಯೆಂಬ ಭಾವನೆಯೂ ಬದಲಾಗಿದೆ.

ಈ ಪರಿವರ್ತನೆಯ ಕ್ರಮವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಪ್ರತಿಪಾದಿಸಲಿರುವ ವಿಷಯವನ್ನು ಮೊದಲೇ ಸಂಗ್ರಹವಾಗಿ ಹೇಳಿಬಿಡಬಹುದು. ಉದ್ಯಾನದ ಹೆಸರೂ ಉದ್ದೇಶವೂ ಒಂದು ಸರಕಾರಿ ಆಜ್ಞೆಯಿಂದ ಒಂದೇ ದಿನದಲ್ಲಿ ಬದಲಾಗಬಲ್ಲವು. ನೆಲದ ಮೇಲಿನ ರಚನೆ ಅಷ್ಟು ಬೇಗ ಬದಲಾಗದು. ಹಿಂದಿನ ಒಂದು ಉದ್ದೇಶಕ್ಕಾಗಿ ಮಾಡಿದ ದಾರಿ, ಕೆರೆ, ನೆಡುತೋಪು, ಎಲ್ಲೆಗಳು ಹೊಸ ಉದ್ದೇಶದ ಕಾಲದಲ್ಲಿಯೂ ಉಳಿದುಕೊಂಡು ಅದನ್ನು ಕಟ್ಟಿಹಾಕುತ್ತವೆ. ಬಂಡೀಪುರದ ವಿಷಯವಾಗಿ ಈಚೆಗೆ ಎದ್ದಿರುವ ವಿವಾದಗಳಲ್ಲಿ ಹಲವು ಈ ಮೂಲದಿಂದಲೇ ಹುಟ್ಟಿದವೆಂಬುದು ಮುಂದಿನ ವಿವೇಚನೆಯಿಂದ ವಿದಿತವಾಗುವುದು.

೧. ವಸ್ತು, ಆವರಣ, ಮಾರ್ಗ

ವಿಹಾರೋದ್ಯಾನಗಳಲ್ಲಿ ಒಂದು ನಿರ್ದಿಷ್ಟವಾದ ಕಥೆಯನ್ನೋ ಭಾವನೆಯನ್ನೋ ಆಧಾರವಾಗಿಟ್ಟುಕೊಂಡು ರಚಿಸಿದವನ್ನು 'ಥೀಮ್ ಪಾರ್ಕ್' ಎನ್ನುವುದು ರೂಢಿ. ಇವುಗಳಿಗೆ ಮಾದರಿಯೆನಿಸಿದ ಡಿಸ್ನಿಲ್ಯಾಂಡ್ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೫೫ರ ಜುಲೈ ತಿಂಗಳಿನಲ್ಲಿ ಪ್ರಾರಂಭವಾಯಿತು. ಅದರ ರಚನೆಯನ್ನು ಪರಿಶೀಲಿಸಿದರೆ ಮೂರು ಅಂಗಗಳು ಸ್ಪಷ್ಟವಾಗಿ ಗೋಚರಿಸುತ್ತವೆ. ಮೊದಲನೆಯದು ವಸ್ತು, ಎಂದರೆ ಪ್ರೇಕ್ಷಕನ ಮನಸ್ಸಿನಲ್ಲಿ ಮೂಡಬೇಕಾದ ಕಥೆ. ಎರಡನೆಯದು ಆವರಣ: ಸುತ್ತಲೂ ಮಣ್ಣಿನ ದಿಬ್ಬವನ್ನೆತ್ತಿ, ಹೊರಗಿನ ಊರು ಒಳಗಿನವರ ಕಣ್ಣಿಗೆ ಬೀಳದಂತೆ ಮಾಡಲಾಗಿದೆ. ಮೂರನೆಯದು ಮಾರ್ಗ: ಪ್ರವೇಶದ್ವಾರದಿಂದ ಮೊದಲ್ಗೊಂಡು, ಪ್ರೇಕ್ಷಕನು ಯಾವುದನ್ನು ಮೊದಲು ಕಾಣಬೇಕು, ಯಾವುದನ್ನು ಅನಂತರ ಕಾಣಬೇಕು ಎಂಬುದೆಲ್ಲ ಪೂರ್ವನಿಯೋಜಿತ.

ನಮ್ಮ ನಾಡಿನಲ್ಲಿಯೂ ಇಂತಹ ರಚನೆ ಅಪರಿಚಿತವಲ್ಲ. ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಳಗೆ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯನ್ನು ಅನುಸರಿಸಿ ನಿರ್ಮಿತವಾಗಿ ೧೯೩೨ರಲ್ಲಿ ಮುಗಿದ ಬೃಂದಾವನ ಉದ್ಯಾನದಲ್ಲಿಯೂ ಈ ಮೂರು ಅಂಗಗಳು ಇವೆ. ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೀರೂ ಅದರೊಡನೆ ಇಳಿಯುವ ಕಾಲುದಾರಿಯೂ ನೋಡುವವನನ್ನು ಒಂದು ಕ್ರಮದಲ್ಲಿ ಕರೆದೊಯ್ಯುತ್ತವೆ.

ಇಂತಹ ಕೃತಕೋದ್ಯಾನಗಳಲ್ಲಿ ವಸ್ತುವನ್ನು ಬದಲಿಸಬೇಕಾದರೆ ವಿನ್ಯಾಸವನ್ನು ಕಿತ್ತು ಮತ್ತೆ ಕಟ್ಟಬಹುದು. ಡಿಸ್ನಿಲ್ಯಾಂಡಿನಲ್ಲಿ ದೋಣಿಯ ಮೂಲಕ ಕಾಡನ್ನು ತೋರಿಸುವ 'ಜಂಗಲ್ ಕ್ರೂಸ್' ಎಂಬ ವಿಭಾಗವಿದೆ. ಅಲ್ಲಿರುವ ಮೃಗಗಳು ಯಂತ್ರಚಾಲಿತ ಬೊಂಬೆಗಳು. ೧೯೫೫ರಲ್ಲಿ ಗಂಭೀರವಾದ ವನಯಾತ್ರೆಯೆಂದು ಪ್ರಾರಂಭವಾದ ಅದು ಕಾಲಕ್ರಮದಲ್ಲಿ ಹಾಸ್ಯಪ್ರಧಾನವಾಯಿತು. ಅಲ್ಲಿ ಕಾಡಿನ ಮೂಲನಿವಾಸಿಗಳನ್ನು ಹೀನಾಯವಾಗಿ ಚಿತ್ರಿಸಿದ್ದ ದೃಶ್ಯಗಳ ವಿಷಯದಲ್ಲಿ ಆಕ್ಷೇಪಣೆಗಳು ಬಂದುದರಿಂದ, ೨೦೨೧ರಲ್ಲಿ ಅವನ್ನು ತೆಗೆದುಹಾಕಿ ಬೇರೆ ದೃಶ್ಯಗಳನ್ನು ಇರಿಸಲಾಯಿತು. ಬೊಂಬೆಯನ್ನು ತೆಗೆಯುವುದಕ್ಕೆ ಕೆಲವು ತಿಂಗಳುಗಳ ಕೆಲಸ ಸಾಕಾಯಿತು.

ಬಂಡೀಪುರದ ಮೃಗಗಳು ಬೊಂಬೆಗಳಲ್ಲ. ಅಲ್ಲಿಯ ಮೂಲನಿವಾಸಿಗಳೂ ಚಿತ್ರಗಳಲ್ಲ. ಆದ್ದರಿಂದ ಅದನ್ನು ಥೀಮ್ ಪಾರ್ಕ್ ಎಂದು ಕರೆಯುವುದು ಯುಕ್ತವಾಗದು. ಆದರೂ ಅದು ಉದ್ಯಾನವೆಂಬ ಹೆಸರನ್ನು ಹೊತ್ತಿದೆ. ಅದಕ್ಕೆ ವಸ್ತುವಿದೆ, ಆವರಣವಿದೆ, ಪ್ರೇಕ್ಷಕರಿಗೆಂದು ರಚಿಸಿದ ಮಾರ್ಗವಿದೆ. ಈ ಮೂರು ಅಂಗಗಳು ಕಾಲದಿಂದ ಕಾಲಕ್ಕೆ ಹೇಗೆ ಮಾರ್ಪಟ್ಟವೆಂಬುದನ್ನು ಇನ್ನು ಪರಿಶೀಲಿಸೋಣ.

೨. ಬೇಟೆಯ ಕಾಡು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯ ಅರಣ್ಯದ ಮೇಲೆ ಆಡಳಿತದ ದೃಷ್ಟಿ ಬಿದ್ದುದು ಮುಖ್ಯವಾಗಿ ಮೂರು ಕಾರಣಗಳಿಂದ: ತೇಗ, ಶ್ರೀಗಂಧ ಮೊದಲಾದ ಬೆಲೆಬಾಳುವ ಮರಗಳು, ಆನೆಗಳು ಮತ್ತು ಬೇಟೆ. ಬ್ರಿಟಿಷ್ ಕಮಿಷನರರ ಆಡಳಿತವಿದ್ದ ಕಾಲದಲ್ಲಿ ಕಾಲುವೆಗಳ ಇಲಾಖೆಯ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸಮೀಪದಲ್ಲಿ ನೆಲೆಸಿ, ೧೮೭೪ರಲ್ಲಿ ಅದೇ ಪ್ರದೇಶದ ಕಾಡಿನಲ್ಲಿ ಖೆಡ್ಡಾ ಕ್ರಮದಿಂದ ಕಾಡಾನೆಗಳ ಹಿಂಡನ್ನು ಹಿಡಿಸಿದನು. ಅವನ ಅನುಭವಗಳು ೧೮೭೮ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಮುಂದೆ ಕಾಕನಕೋಟೆಯ ಖೆಡ್ಡಾಗಳು ಮೈಸೂರು ಅರಸರ ಆತಿಥ್ಯದ ಒಂದು ಭಾಗವಾಗಿ ಪ್ರಸಿದ್ಧಿಗೆ ಬಂದವು.

ಈ ಕಾಲದ ವಿನ್ಯಾಸವು ಸರಳವಾದುದು. ಕಾಡಿನೊಳಕ್ಕೆ ಮರಸಾಗಣೆಯ ಬಂಡಿದಾರಿಗಳು, ಅಧಿಕಾರಿಗಳೂ ಅತಿಥಿಗಳೂ ತಂಗುವುದಕ್ಕೆ ಬಂಗಲೆಗಳು, ಕಡಿದ ಮರಗಳ ಸ್ಥಾನದಲ್ಲಿ ಸಾಲಾಗಿ ನೆಟ್ಟ ತೇಗದ ತೋಪುಗಳು. ಬೇಟೆಗಾರನಿಗೆ ಪ್ರಿಯವಾದ ಮೃಗಗಳಿಗೆ ರಕ್ಷಣೆ ದೊರೆಯುತ್ತಿತ್ತು. ಆ ಮೃಗಗಳನ್ನೇ ತಿಂದು ಬದುಕುವ ಸೀಳುನಾಯಿಯನ್ನು ಹಾನಿಕಾರಕ ಪ್ರಾಣಿಯೆಂದು ಎಣಿಸಿ, ಕೊಂದವರಿಗೆ ಇನಾಮು ಕೊಡುವ ಪದ್ಧತಿ ಭಾರತದ ಅನೇಕ ಪ್ರಾಂತಗಳಲ್ಲಿ ಬಳಕೆಯಲ್ಲಿತ್ತು. ಪ್ರೇಕ್ಷಕನಿಗಾಗಿ ಪ್ರತ್ಯೇಕ ಮಾರ್ಗದ ಅವಶ್ಯಕತೆ ಆಗ ಇರಲಿಲ್ಲ. ಬೇಟೆಗಾರನೇ ಆ ಕಾಲದ ಪ್ರೇಕ್ಷಕನು.

೩. ವೇಣುಗೋಪಾಲನ ಹೆಸರು

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೩೧ರಲ್ಲಿ, ಬಂಡೀಪುರದ ಸುತ್ತಣ ಸುಮಾರು ೯೦ ಚದರ ಕಿಲೋಮೀಟರ್ ಕಾಡನ್ನು ವನ್ಯಮೃಗಗಳ ಆಶ್ರಯಸ್ಥಾನವಾಗಿ ಕಾದಿರಿಸಲಾಯಿತು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ಮರುವರ್ಷ, ೧೯೪೧ರ ಫೆಬ್ರವರಿಯಲ್ಲಿ ಹೊರಟ ಸರಕಾರಿ ಪ್ರಕಟಣೆಯ ಮೂಲಕ, ಇದನ್ನೊಳಗೊಂಡ ಸುಮಾರು ೮೦೦ ಚದರ ಕಿಲೋಮೀಟರ್ ವಿಸ್ತಾರದ ವೇಣುಗೋಪಾಲ ವನ್ಯಜೀವಿ ಉದ್ಯಾನವು ಅಸ್ತಿತ್ವಕ್ಕೆ ಬಂದಿತು. ಸ್ವಾತಂತ್ರ್ಯಾನಂತರ ೧೯೫೨ರಲ್ಲಿ ಸ್ಥಾಪಿತವಾದ ಭಾರತೀಯ ವನ್ಯಜೀವಿ ಮಂಡಲಿಗೆ ಇದೇ ಮಹಾರಾಜರು ಪ್ರಥಮಾಧ್ಯಕ್ಷರಾದುದನ್ನು ಇಲ್ಲಿ ಸ್ಮರಿಸಬಹುದು.

ಉದ್ಯಾನಕ್ಕೆ ಈ ಹೆಸರು ಬಂದುದು ಹಿಮವದ್ಗೋಪಾಲಸ್ವಾಮಿ ಬೆಟ್ಟದ ದೇವರಿಂದ. ಸಮುದ್ರಮಟ್ಟಕ್ಕೆ ಸುಮಾರು ೧,೪೫೦ ಮೀಟರ್ ಎತ್ತರದಲ್ಲಿರುವ ಈ ಬೆಟ್ಟವು ವರ್ಷದ ಬಹುಕಾಲ ಮಂಜಿನಿಂದ ಮುಸುಕಿರುವುದರಿಂದ 'ಹಿಮವದ್' ಎಂಬ ವಿಶೇಷಣ ಬಂದಿದೆ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಬಲ್ಲಾಳ ದೊರೆಯು ಅಲ್ಲಿಯ ದೇವಾಲಯವನ್ನು ಕಟ್ಟಿಸಿದನೆಂದು ಪ್ರತೀತಿ.

ಈ ನಾಮಕರಣವು ವಿಚಾರಾರ್ಹವಾದುದು. ವೇಣುಗೋಪಾಲನು ಕೊಳಲನ್ನೂದಿ ಗೋವುಗಳನ್ನು ಕಾಯುವವನು. ಬಂಡೀಪುರದಲ್ಲಿ ಹಗಲು ಹೊತ್ತು ನೋಡುವವರ ಕಣ್ಣಿಗೆ ಧಾರಾಳವಾಗಿ ಬೀಳುವುವು ಜಿಂಕೆ, ಕಡವೆ, ಕಾಟಿ, ಆನೆಗಳು. ಎಲ್ಲವೂ ಹುಲ್ಲು ಸೊಪ್ಪನ್ನು ಮೇಯುವ ಮಂದೆಗಳು. ಬೇಟೆಯ ಕಾಡನ್ನು ಮಂದೆಗಳ ಕಾವಲುಗಾರನ ಹೆಸರಿನಲ್ಲಿ ಇರಿಸಿದುದರಿಂದ, ಕೊಲ್ಲುವವನ ಸ್ಥಾನದಲ್ಲಿ ಕಾಯುವವನನ್ನು ನಿಲ್ಲಿಸಿದಂತಾಯಿತು. ಸುತ್ತಲಿನ ಹಳ್ಳಿಗಳ ಜನಕ್ಕೂ ಆ ಹೆಸರು ಹೊರಗಿನದಾಗಿರಲಿಲ್ಲ. ಅವರ ಪಾಲಿಗೆ ಕಾಡೆಂದರೆ ಅವರ ದೇವರ ಬೆಟ್ಟ, ಅವರ ದನ ಮೇಯುವ ಜಾಗ.

ವಸ್ತುವು ಹೀಗೆ ಬದಲಾಯಿತಾದರೂ ವಿನ್ಯಾಸದಲ್ಲಿ ಹಳೆಯದೇ ಬಹುಮಟ್ಟಿಗೆ ಮುಂದುವರಿಯಿತು. ಬಂಡಿದಾರಿಗಳು ಮೋಟಾರು ದಾರಿಗಳಾದವು. ಬೇಟೆಯ ಬಂಗಲೆಗಳ ಸ್ಥಾನವನ್ನು ಪ್ರವಾಸಿಗರ ವಸತಿಗೃಹಗಳು ವಹಿಸಿಕೊಂಡವು. ತೇಗದ ನೆಡುತೋಪುಗಳೂ ಉಳಿದವು. ಮೈಸೂರು-ಉದಕಮಂಡಲ ರಸ್ತೆಯಂತೂ ಉದ್ಯಾನದ ನಡುಮಧ್ಯದಲ್ಲಿಯೇ ಉಳಿಯಿತು. ದಾರಿಯಲ್ಲಿ ಹೋಗುವವರೆಲ್ಲ ಪ್ರೇಕ್ಷಕರಾಗುವರೆಂಬುದು ಆಗ ಅನುಕೂಲವಾಗಿಯೇ ಕಂಡಿರಬೇಕು.

೪. ಹುಲಿಯ ಹೆಸರು

೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆಯು ಕಾನೂನಿಗೆ ವಿರುದ್ಧವಾಯಿತು. ೧೯೭೩ರಲ್ಲಿ ಪ್ರಾರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಪ್ರದೇಶಗಳಲ್ಲಿ ಬಂಡೀಪುರವೂ ಒಂದಾಯಿತು. ವೇಣುಗೋಪಾಲ ಉದ್ಯಾನದ ಬಹುಭಾಗವು ಇದರೊಳಕ್ಕೆ ಸೇರಿತು. ಸುಮಾರು ೮೭೪ ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನವನ್ನು ರಚಿಸುವ ಉದ್ದೇಶವನ್ನು ಸರಕಾರವು ೧೯೭೪ರಲ್ಲಿ ಪ್ರಕಟಿಸಿತು. ವೇಣುಗೋಪಾಲನ ಹೆಸರು ಕ್ರಮೇಣ ಆಡಳಿತದ ಕಾಗದಗಳಿಂದ ಮರೆಯಾಗಿ, ಬೆಟ್ಟದ ದೇವಾಲಯಕ್ಕೆ ಮಾತ್ರ ಉಳಿಯಿತು.

ಹುಲಿಯು ಮಂದೆಯ ಮೃಗವಲ್ಲ. ಅದು ಒಂಟಿಯಾಗಿ, ಮರೆಯಲ್ಲಿ, ವಿಶಾಲವಾದ ಸ್ವಕ್ಷೇತ್ರವನ್ನು ಕಾಯ್ದುಕೊಂಡು ಬಾಳುವ ಪ್ರಾಣಿ. ಅದನ್ನು ಉದ್ಯಾನದ ವಸ್ತುವಾಗಿ ಆರಿಸಿಕೊಂಡಾಗ ವಿನ್ಯಾಸದ ತತ್ತ್ವವೇ ಬದಲಾಗಬೇಕಾಯಿತು. ಮಧ್ಯದಲ್ಲಿ ಮನುಷ್ಯನ ಹಸ್ತಕ್ಷೇಪವಿಲ್ಲದ ತಿರುಳು ಪ್ರದೇಶ, ಅದರ ಸುತ್ತಲೂ ನಿಯಂತ್ರಿತವಾದ ಉಪಯೋಗಕ್ಕೆ ಅವಕಾಶವಿರುವ ಅಂಚಿನ ಪ್ರದೇಶ ಎಂಬ ವಿಭಾಗಕ್ರಮವು ಜಾರಿಗೆ ಬಂದಿತು. ತಿರುಳಿನಲ್ಲಿ ಮರ ಕಡಿಯುವುದು ನಿಂತಿತು. ಬೆಂಕಿರೇಖೆಗಳು, ಕಾವಲಿನ ಶಿಬಿರಗಳು ಹೆಚ್ಚಿದವು. ಬೇಸಗೆಯಲ್ಲಿ ನೀರು ದೊರೆಯುವಂತೆ ಅನೇಕ ಕೆರೆಗಳನ್ನು ತೋಡಲಾಯಿತು.

ಫಲವು ಗಣನೀಯವಾದುದು. ಯೋಜನೆಯ ಪ್ರಾರಂಭದಲ್ಲಿ ಇಲ್ಲಿ ಸುಮಾರು ೧೨ ಹುಲಿಗಳಿದ್ದುವೆಂದು ಲೆಕ್ಕಹಾಕಲಾಗಿತ್ತು. ೨೦೨೨ರ ಅಂದಾಜಿನಲ್ಲಿ ಆ ಸಂಖ್ಯೆ ೧೫೦ಕ್ಕೆ ಏರಿ, ದೇಶದ ಹುಲಿ ಪ್ರದೇಶಗಳಲ್ಲಿ ಕಾರ್ಬೆಟ್‌ನ ತರುವಾಯ ಎರಡನೆಯ ಸ್ಥಾನ ಬಂಡೀಪುರಕ್ಕೆ ದೊರೆಯಿತು. ಮೊದಲಿನ ಎಣಿಕೆ ಹೆಜ್ಜೆಗುರುತುಗಳನ್ನು ಆಧರಿಸಿದುದು, ಈಗಿನದು ಸ್ವಯಂಚಾಲಿತ ಕ್ಯಾಮೆರಾಗಳ ಚಿತ್ರಗಳಲ್ಲಿ ಪ್ರತಿಯೊಂದು ಹುಲಿಯ ಪಟ್ಟೆಗಳನ್ನು ಗುರುತಿಸಿ ಮಾಡಿದುದು. ಆದ್ದರಿಂದ ಈ ಎರಡು ಸಂಖ್ಯೆಗಳನ್ನು ನೇರವಾಗಿ ಹೋಲಿಸುವುದು ತರವಲ್ಲ. ಆದರೆ ಹುಲಿಗಳು ಹೆಚ್ಚಿವೆ ಎಂಬುದರಲ್ಲಿ ಸಂದೇಹವಿಲ್ಲ.

ಒಂದು ಪ್ರಾಣಿಯನ್ನು ವಸ್ತುವಾಗಿ ಮಾಡಿದಾಗ ಉಳಿದವು ಹಿನ್ನೆಲೆಗೆ ಸರಿಯುವುದುಂಟು. ಎ. ಜೆ. ಟಿ. ಜಾನ್‌ಸಿಂಗ್ ಅವರು ೧೯೭೬ರಿಂದ ೧೯೭೮ರವರೆಗೆ ಇಲ್ಲಿಯೇ ನೆಲೆಸಿ ನಡೆಸಿದ ಸಂಶೋಧನೆಯು ಈ ದೃಷ್ಟಿಯಿಂದ ಮಹತ್ತ್ವದ್ದು. ಅವರು ಆರಿಸಿಕೊಂಡುದು ಹುಲಿಯನ್ನಲ್ಲ, ಒಮ್ಮೆ ಇನಾಮು ಕೊಟ್ಟು ಕೊಲ್ಲಿಸುತ್ತಿದ್ದ ಸೀಳುನಾಯಿಯನ್ನು. ಸ್ವೇಚ್ಛೆಯಾಗಿ ಸಂಚರಿಸುವ ದೊಡ್ಡ ಸಸ್ತನಿಗಳನ್ನು ಕುರಿತು ಭಾರತೀಯ ವಿಜ್ಞಾನಿಗಳು ನಡೆಸಿದ ಮೊದಮೊದಲ ಕ್ಷೇತ್ರಾಧ್ಯಯನಗಳಲ್ಲಿ ಇದು ಒಂದು. ಹಾನಿಕಾರಕವೆನಿಸಿದ್ದ ಮೃಗವು ಅರ್ಧಶತಮಾನದೊಳಗೆ ರಕ್ಷಣಾರ್ಹವೂ ಅಧ್ಯಯನಾರ್ಹವೂ ಆಯಿತು. ಮೃಗವಂತೂ ಬದಲಾಗಿರಲಿಲ್ಲ.

೫. ಪ್ರೇಕ್ಷಕನ ಮಾರ್ಗ

ಹುಲಿಯನ್ನು ರಕ್ಷಿಸುವುದಕ್ಕೆ ಏಕಾಂತ ಬೇಕು. ತೋರಿಸುವುದಕ್ಕೆ ದಾರಿ ಬೇಕು. ಈ ಎರಡೂ ಒಂದೇ ಕಾಡಿನಲ್ಲಿ ನಡೆಯಬೇಕಾಗಿರುವುದೇ ಹುಲಿ ಯೋಜನೆಯ ತರುವಾಯದ ವಿನ್ಯಾಸದ ಮುಖ್ಯ ತೊಡಕು. ಪ್ರವಾಸಕ್ಕೆ ತೆರೆದಿರುವ ಭಾಗವು ಉದ್ಯಾನದ ಒಂದು ಅಂಶ ಮಾತ್ರ. ೨೦೧೨ರಲ್ಲಿ ಹೊರಟ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಯಾವುದೇ ಹುಲಿ ಪ್ರದೇಶದ ತಿರುಳಿನಲ್ಲಿ ಪ್ರವಾಸೋದ್ಯಮಕ್ಕೆ ಬಿಡಬಹುದಾದ ಪಾಲು ಶೇಕಡ ೨೦ನ್ನು ಮೀರಕೂಡದು. ಅರಣ್ಯ ಇಲಾಖೆಯ ಬಸ್ಸು ಜೀಪುಗಳು ಪ್ರವಾಸಿಗರನ್ನು ಕರೆದೊಯ್ಯುವುದು ಇಂತಹ ಭಾಗದಲ್ಲಿಯೇ.

ಇಲ್ಲಿಯ ವಿನ್ಯಾಸವು ನೋಡುವವನ ಕಣ್ಣನ್ನು ಅನುಸರಿಸಿದೆ. ಕೆರೆಗಳಲ್ಲಿ ಹಲವು ದಾರಿಯಿಂದ ಕಾಣುವಂತಹ ಸ್ಥಾನಗಳಲ್ಲಿವೆ. ದಾರಿಯ ಇಕ್ಕೆಲಗಳಲ್ಲಿಯೂ ಪೊದೆಗಳನ್ನು ಸವರಿ ಬಯಲು ಮಾಡುವುದರಿಂದ ಎಳೆಯ ಹುಲ್ಲು ಚಿಗುರುತ್ತದೆ. ಹುಲ್ಲಿಗೆ ಜಿಂಕೆ ಬರುತ್ತದೆ. ಜಿಂಕೆಯನ್ನು ಅನುಸರಿಸಿ ಹುಲಿಯೂ ಬರಬಹುದು. ಪ್ರವಾಸಿಗನು ತಾನು ಅಕಸ್ಮಾತ್ತಾಗಿ ಕಂಡೆನೆಂದು ಭಾವಿಸುವ ದೃಶ್ಯದ ಹಿಂದೆ ಈ ಬಗೆಯ ಸಿದ್ಧತೆ ಇರುತ್ತದೆ. ಡಿಸ್ನಿಲ್ಯಾಂಡಿನ ಶಿಲ್ಪಿಗಳು ಬೊಂಬೆಗಳಿಂದ ಸಾಧಿಸಿದುದನ್ನು ಇಲ್ಲಿ ನೀರು ಹುಲ್ಲುಗಳಿಂದ ಸಾಧಿಸಲಾಗಿದೆಯೆನ್ನಬಹುದು.

ಆದರೆ ಜೀವಂತವಾದ ಕಾಡಿನಲ್ಲಿ ಪ್ರತಿಯೊಂದು ಏರ್ಪಾಟಿಗೂ ಪ್ರತಿಫಲವಿದೆ. ಬಂಡೀಪುರವು ಪಶ್ಚಿಮಘಟ್ಟದ ಮಳೆಯ ನೆರಳಿನಲ್ಲಿರುವ, ಬೇಸಗೆಯಲ್ಲಿ ಎಲೆಯುದುರಿಸುವ ಒಣಕಾಡು. ಹಿಂದೆ ಬೇಸಗೆಯಲ್ಲಿ ಆನೆಗಳ ಹಿಂಡುಗಳು ನೀರನ್ನರಸಿ ಕಬಿನಿ, ಮೋಯಾರ್ ಹೊಳೆಗಳ ಕಡೆಗೆ ಸರಿಯುವುದು ಸ್ವಾಭಾವಿಕವಾಗಿತ್ತು. ಎಲ್ಲೆಡೆಯಲ್ಲಿಯೂ ನೀರು ದೊರೆತಾಗ ಮೇಯುವ ಪ್ರಾಣಿಗಳು ವರ್ಷವಿಡೀ ಒಂದೇ ಕಡೆ ನಿಲ್ಲುವುದೂ ಅಲ್ಲಿಯ ಸಸ್ಯಗಳು ಚೇತರಿಸಿಕೊಳ್ಳುವುದಕ್ಕೆ ಅವಕಾಶವಿಲ್ಲದಾಗುವುದೂ ಸಂಭವ. ಬೆಳಕು ಬೀಳುವಂತೆ ತೆರವು ಮಾಡಿದ ಜಾಗಗಳಲ್ಲಿ ಮೊದಲು ಹಬ್ಬುವುದು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲಂಕಾರದ ಹೂಗಿಡವಾಗಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಈ ಗಿಡ ಇಂದು ಬಂಡೀಪುರದ ಬಹುಭಾಗವನ್ನು ಆಕ್ರಮಿಸಿ, ಹುಲ್ಲನ್ನು ಅಡಗಿಸಿ, ಬೇಸಗೆಯ ಬೆಂಕಿಗೆ ಉರುವಲಾಗುತ್ತಿದೆ. ೨೦೧೯ರ ಫೆಬ್ರವರಿಯಲ್ಲಿ ಎದ್ದ ಬೆಂಕಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಉದ್ಯಾನಗಳ ಶೋಭೆಗೆಂದು ತಂದ ಗಿಡವೊಂದು ಉದ್ಯಾನವೆಂಬ ಹೆಸರಿನ ಕಾಡಿಗೆ ವಿಪತ್ತಾಗಿ ಪರಿಣಮಿಸಿದೆ.

೬. ಆವರಣದ ಪ್ರಶ್ನೆ

ಕೃತಕೋದ್ಯಾನದ ಆವರಣವು ಹೊರಗಿನದನ್ನು ಮರೆಮಾಡುತ್ತದೆ. ಬಂಡೀಪುರದ ಆವರಣಕ್ಕೆ ಆ ಶಕ್ತಿಯಿಲ್ಲ. ಅದರ ದಕ್ಷಿಣಕ್ಕೆ ಮೋಯಾರ್ ಹೊಳೆಯಾಚೆ ತಮಿಳುನಾಡಿನ ಮುದುಮಲೆ, ನೈರುತ್ಯಕ್ಕೆ ಕೇರಳದ ವಯನಾಡು, ವಾಯವ್ಯಕ್ಕೆ ಕಬಿನಿ ಜಲಾಶಯದಾಚೆ ನಾಗರಹೊಳೆಯ ಕಾಡುಗಳಿವೆ. ಆನೆಗಳಿಗೆ ಇದೆಲ್ಲವೂ ಒಂದೇ ಮನೆ. ಈ ಸತ್ಯವನ್ನು ಆಡಳಿತವು ಒಪ್ಪಿಕೊಂಡುದು ೧೯೮೬ರಲ್ಲಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶವು ದೇಶದಲ್ಲಿಯೇ ಮೊದಲನೆಯದಾಗಿ ಘೋಷಿತವಾದಾಗ. ಮೂರು ರಾಜ್ಯಗಳಲ್ಲಿ ಹರಡಿರುವ ಅದರ ವಿಸ್ತಾರ ೫,೫೨೦ ಚದರ ಕಿಲೋಮೀಟರ್. ಅಲ್ಲಿಂದ ಮುಂದೆ ಬಂಡೀಪುರವು ಸ್ವತಂತ್ರವಾದ ಉದ್ಯಾನವೆಂಬುದಕ್ಕಿಂತ ಒಂದು ದೊಡ್ಡ ಕಾಡಿನ ನಡುವಣ ಕೊಂಡಿಯೆಂಬ ಭಾವನೆ ಬಲಗೊಂಡಿತು.

ಕೊಂಡಿಯೆಂದು ಕಂಡೊಡನೆ ಹೆದ್ದಾರಿಗಳ ಅರ್ಥವೂ ಬದಲಾಯಿತು. ಪ್ರೇಕ್ಷಕರನ್ನು ತರುವ ದಾರಿಗಳೆನಿಸಿದ್ದವು ಈಗ ಮೃಗಗಳ ಸಂಚಾರವನ್ನು ಕತ್ತರಿಸುವ ಗೆರೆಗಳಾದವು. ರಾತ್ರಿ ವೇಳೆ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ, ೨೦೦೯ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿಗಳು ರಾತ್ರಿ ೯ರಿಂದ ಬೆಳಗ್ಗೆ ೬ರವರೆಗೆ ಎರಡು ಹೆದ್ದಾರಿಗಳಲ್ಲಿಯೂ ವಾಹನಸಂಚಾರವನ್ನು ನಿಷೇಧಿಸಿದರು. ೨೦೧೦ರಲ್ಲಿ ರಾಜ್ಯದ ಉಚ್ಚನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ವ್ಯಾಪಾರಕ್ಕೂ ಪ್ರಯಾಣಕ್ಕೂ ಈ ದಾರಿಯನ್ನೇ ನಂಬಿದ ವಯನಾಡಿನ ಜನರು ಇದನ್ನು ತೀವ್ರವಾಗಿ ವಿರೋಧಿಸಿದರು. ೨೦೧೮ರಲ್ಲಿ ಕಾಡಿನೊಳಗೆ ಕಂಬಗಳ ಮೇಲೆ ರಸ್ತೆಯನ್ನೆತ್ತುವ ಸಲಹೆ ಬಂದಾಗ ಕರ್ನಾಟಕದಲ್ಲಿ ಅದಕ್ಕೂ ವಿರೋಧ ವ್ಯಕ್ತವಾಯಿತು. ಎರಡು ಪಕ್ಷಗಳೂ ತಮ್ಮತಮ್ಮ ದೃಷ್ಟಿಯಿಂದ ನ್ಯಾಯವನ್ನೇ ಕೇಳುತ್ತಿವೆ. ಒಂದು ಪಕ್ಷವು ಉದ್ಯಾನಕ್ಕಿಂತ ಹಿಂದಿನಿಂದ ಇದ್ದ ದಾರಿಯನ್ನು ನೋಡುತ್ತದೆ; ಮತ್ತೊಂದು ದಾರಿಗಿಂತ ಹಿಂದಿನಿಂದ ಇದ್ದ ಕಾಡನ್ನು ನೋಡುತ್ತದೆ.

ಉತ್ತರದ ಅಂಚಿನಲ್ಲಿ ಪರಿಸ್ಥಿತಿ ಬೇರೆಯದು. ಅಲ್ಲಿ ಕಾಡು ಮುಗಿದೊಡನೆ ಹೊಲಗಳು ಮೊದಲಾಗುತ್ತವೆ. ಈ ಹಳ್ಳಿಗಳ ದನಗಳು ತಲೆಮಾರುಗಳಿಂದ ಕಾಡಿನಲ್ಲಿ ಮೇಯುತ್ತಿದ್ದವು. ಅವುಗಳ ಸಗಣಿ ಹೊಲಗಳಿಗೆ ಗೊಬ್ಬರವಾಗುತ್ತಿತ್ತು. ಎಂ. ಡಿ. ಮಧುಸೂದನ್ ಅವರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಕುತೂಹಲಕರವಾದ ಸಂಬಂಧವನ್ನು ತೋರಿಸಿಕೊಟ್ಟಿತು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ನೆರೆಯ ಕಾಫಿ ತೋಟಗಳಲ್ಲಿ ಗೊಬ್ಬರಕ್ಕೆ ಬೇಡಿಕೆ ಹೆಚ್ಚಿ, ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಸಗಣಿಯೇ ಮಾರಾಟದ ಸರಕಾಯಿತು; ಕಾಡಿನಲ್ಲಿ ಮೇಯುವ ದನಗಳ ಸಂಖ್ಯೆಗೂ ಈ ವ್ಯಾಪಾರಕ್ಕೂ ನಂಟು ಬೆಳೆಯಿತು. ಆನೆಕಂದಕವಾಗಲಿ, ಸೌರಬೇಲಿಯಾಗಲಿ, ರೈಲ್ವೆ ಕಂಬಿಗಳ ತಡೆಯಾಗಲಿ ಇಂತಹ ಸಂಬಂಧಗಳನ್ನು ಹೊರಗಿಡಲಾರದು.

ಈಚಿನ ವರ್ಷಗಳಲ್ಲಿ ಅಂಚಿನ ಹೊಲಗಳೇ ಒಂದು ಬಗೆಯ ಉದ್ಯಾನವಾಗಿ ಮಾರ್ಪಡುತ್ತಿರುವುದು ಕಂಡುಬರುತ್ತದೆ. ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆಯ ರಸ್ತೆಯ ಬದಿಯಲ್ಲಿ ಸೂರ್ಯಕಾಂತಿ, ಚೆಂಡುಹೂಗಳು ಅರಳಿದಾಗ ಕೇರಳದಿಂದ ಬರುವ ಪ್ರವಾಸಿಗರು ವಾಹನಗಳನ್ನು ನಿಲ್ಲಿಸಿ ಹೊಲಗಳಲ್ಲಿ ಚಿತ್ರ ತೆಗೆಸಿಕೊಳ್ಳುವರು. ಕೆಲವರು ರೈತರು ಅದಕ್ಕೆ ಸಣ್ಣ ಶುಲ್ಕವನ್ನೂ ಪಡೆಯುವರು. ಕಾಡಿನ ಸುತ್ತ ವಿಹಾರಧಾಮಗಳೂ ಎದ್ದಿವೆ. ೨೦೧೨ರಲ್ಲಿ ಕೇಂದ್ರ ಸರಕಾರವು ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಿ ಕಟ್ಟಡಗಳಿಗೆ ನಿರ್ಬಂಧ ವಿಧಿಸಿದುದು ಉದ್ಯಾನದ ವಿನ್ಯಾಸವು ಅದರ ಎಲ್ಲೆಯ ಹೊರಕ್ಕೂ ಚಾಚಿಕೊಂಡುದರ ಕುರುಹು.

೭. ಕಥೆಯಿಂದ ಹೊರಗುಳಿದ ಜನ

ಈವರೆಗೆ ಹೇಳಿದ ಯಾವ ಹೆಸರಿನಲ್ಲಿಯೂ ಕಾಡಿನ ನಿವಾಸಿಗಳ ಪ್ರಸ್ತಾಪವಿಲ್ಲ. ಜೇನುಕುರುಬರು, ಕಾಡುಕುರುಬರು, ಸೋಲಿಗರು ಈ ಸೀಮೆಯ ಕಾಡುಗಳಲ್ಲಿ ಎಲ್ಲ ಹೆಸರುಗಳಿಗಿಂತ ಹಿಂದಿನಿಂದಲೂ ಇದ್ದವರು. ಖೆಡ್ಡಾಗಳ ಕಾಲದಲ್ಲಿ ಅವರ ಜಾಡರಿವು ಬೇಕಾಗಿತ್ತು. ಅರಣ್ಯ ಇಲಾಖೆಯ ಕಾಲದಲ್ಲಿ ಅವರ ದುಡಿಮೆ ಬೇಕಾಗಿತ್ತು. ಮನುಷ್ಯರಿಲ್ಲದ ತಿರುಳು ಪ್ರದೇಶವೆಂಬ ಕಲ್ಪನೆ ಬಂದಾಗ, ೧೯೭೦ರ ದಶಕದಲ್ಲಿ, ಒಳಗಿದ್ದ ಅವರ ಹಾಡಿಗಳನ್ನು ಅಂಚಿಗೆ ಸಾಗಿಸಲಾಯಿತು. ಅವರಲ್ಲಿ ಅನೇಕರು ಕೂಲಿಕಾರರಾಗಿ ಬಾಳಬೇಕಾಯಿತು. ಕೆಲವರು ಅದೇ ಕಾಡಿನ ಕಾವಲಿನ ಕೆಲಸಕ್ಕೆ ಸೇರಿದರು.

ಇದೇ ಚಾಮರಾಜನಗರ ಜಿಲ್ಲೆಯ ಪೂರ್ವಭಾಗದಲ್ಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಇನ್ನೊಂದು ಬಗೆಯ ಬೆಳವಣಿಗೆ ನಡೆಯಿತು. ಅಲ್ಲಿಯೂ ಅಭಯಾರಣ್ಯ ಘೋಷಿತವಾಗಿ, ೨೦೧೧ರ ಆರಂಭದಲ್ಲಿ ಹುಲಿ ಪ್ರದೇಶವೆಂಬ ಹೆಸರು ಬಂದಿತು. ಆದರೆ ಅದೇ ವರ್ಷ, ೨೦೦೬ರ ಅರಣ್ಯಹಕ್ಕು ಶಾಸನದ ಅನ್ವಯ, ಅಲ್ಲಿಯ ಸೋಲಿಗರ ೨೫ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕುಗಳು ದೊರೆತವು. ಹುಲಿ ಪ್ರದೇಶವೊಂದರ ತಿರುಳಿನಲ್ಲಿ ಇಂತಹ ಹಕ್ಕುಗಳು ಮಾನ್ಯವಾದುದು ದೇಶದಲ್ಲಿ ಅದೇ ಮೊದಲು. ಬೇಸಗೆಯ ಮೊದಲಲ್ಲಿ ನೆಲದ ತರಗೆಲೆಗಳಿಗೆ ಮಾತ್ರ ಹತ್ತುವಂತೆ ಇಡುವ 'ತರಗುಬೆಂಕಿ' ನಿಂತುಹೋದುದರಿಂದಲೇ ಲಂಟಾನ ಹಬ್ಬಿತೆಂದು ಸೋಲಿಗರು ವಾದಿಸುತ್ತಾರೆ; ವಿಜ್ಞಾನಿಗಳು ಈ ವಾದವನ್ನು ಗಂಭೀರವಾಗಿ ಪರಿಶೀಲಿಸಿದ್ದಾರ. ಕಾಡನ್ನು ಉದ್ಯಾನವೆಂದು ಕಂಡವರಿಗೆ ಬೆಂಕಿಯೆಂದರೆ ಶತ್ರು. ಅದನ್ನು ಮನೆಯೆಂದು ಕಂಡವರಿಗೆ ಹೊತ್ತರಿತು ಇಟ್ಟ ಬೆಂಕಿ ಒಂದು ಉಪಕರಣ. ಒಂದೇ ಜಿಲ್ಲೆಯ ಈ ಎರಡು ಅರಣ್ಯಗಳು, ಒಂದೇ ಹುಲಿಯ ಹೆಸರನ್ನು ಹೊತ್ತೂ ಮನುಷ್ಯರಿಗೆ ಬೇರೆಬೇರೆ ಸ್ಥಾನಗಳನ್ನು ಕೊಟ್ಟಿರುವುದು ತುಲನಾತ್ಮಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

೮. ಉಪಸಂಹಾರ

ವಸ್ತುವೂ ವಿನ್ಯಾಸವೂ ಪರಸ್ಪರ ಹೊಂದದಿದ್ದಾಗ ಏನಾಗುವುದೆಂಬುದಕ್ಕೆ ೨೦೨೫ರ ಘಟನೆಗಳು ನಿದರ್ಶನ. ಆ ವರ್ಷದ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಬಂಡೀಪುರ, ನಾಗರಹೊಳೆಗಳ ಅಂಚಿನ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ಸಿಕ್ಕಿ ರೈತರು ಸತ್ತರು. ನವೆಂಬರಿನಲ್ಲಿ ಸರಕಾರವು ಎರಡು ಉದ್ಯಾನಗಳಲ್ಲಿಯೂ ಸಫಾರಿಯನ್ನು ನಿಲ್ಲಿಸುವಂತೆ ಆಜ್ಞಾಪಿಸಿತು. ಸಿಬ್ಬಂದಿಯನ್ನು ಹಳ್ಳಿಗಳ ರಕ್ಷಣೆಗೆ ತೊಡಗಿಸುವುದು ಅದರ ಉದ್ದೇಶಗಳಲ್ಲಿ ಒಂದು. ಸಫಾರಿಯ ವಾಹನಗಳ ಓಡಾಟದಿಂದಲೇ ಹುಲಿಗಳು ಹೊರಬರುತ್ತಿವೆಯೆಂಬುದು ರೈತರ ಆರೋಪವಾಗಿತ್ತು. ಪ್ರವಾಸವನ್ನೇ ನಂಬಿ ಬದುಕುವ ಚಾಲಕರಿಗೂ ವಿಹಾರಧಾಮಗಳ ನೌಕರರಿಗೂ ಇದರಿಂದ ಜೀವನೋಪಾಯದ ಚಿಂತೆ ಉಂಟಾಯಿತು. ಹುಲಿಯು ಹೊರಬರುವುದಕ್ಕೆ ಸಫಾರಿಯೊಂದೇ ಕಾರಣವೆಂದು ಸಾಧಿಸುವುದು ಕಷ್ಟ. ಹುಲಿಗಳ ಸಂಖ್ಯೆ ಬೆಳೆದಿದೆ, ಕಾಡಿನ ವಿಸ್ತಾರ ಬೆಳೆದಿಲ್ಲ. ಎಳೆಯ ಹುಲಿಗಳೂ ಮುದಿಹುಲಿಗಳೂ ಅಂಚಿಗೆ ತಳ್ಳಲ್ಪಡುತ್ತವೆ. ಲಂಟಾನ ತುಂಬಿದ ಕಾಡಿಗಿಂತ ದನಗಳಿರುವ ಅಂಚಿನಲ್ಲಿ ಅವಕ್ಕೆ ಆಹಾರ ಸುಲಭವಾಗಿ ಸಿಕ್ಕಬಹುದು. ಆದರೆ ರೈತನ ಮಾತಿನಲ್ಲಿ ಒಂದು ಅಂಶವು ಅಲಕ್ಷಿಸತಕ್ಕುದಲ್ಲ: ಉದ್ಯಾನದ ಲಾಭ ನೋಡುವವರಿಗೆ, ಅಪಾಯ ತಮಗೆ ಎಂಬುದು ಅವನ ಅಳಲು.

ಈ ಇತಿಹಾಸದಿಂದ ನಾವು ಗ್ರಹಿಸಬಹುದಾದುದು ಇಷ್ಟು. ಬೇಟೆಯ ಕಾಲದ ದಾರಿ, ಮರವ್ಯಾಪಾರದ ಕಾಲದ ತೋಪು, ಪ್ರವಾಸದ ಕಾಲದ ಕೆರೆ, ಹುಲಿ ಯೋಜನೆಯ ಕಾಲದ ಎಲ್ಲೆ, ಇವೆಲ್ಲ ಒಂದರ ಮೇಲೊಂದು ಪದರವಾಗಿ ಬಂಡೀಪುರದಲ್ಲಿ ಇಂದಿಗೂ ಇವೆ. ಹೊಸ ಹೆಸರನ್ನು ಕೊಡುವಾಗ ಈ ಪದರಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತೆಗೆಯಬೇಕು, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳನ್ನು ಜೊತೆಯಲ್ಲಿಯೇ ಕೇಳುವುದು ಅವಶ್ಯಕ. ಬಂಡೀಪುರದ ವಿಷಯದಲ್ಲಿ ಈ ಪ್ರಶ್ನೆಗಳನ್ನು ಬಹಳ ಮಟ್ಟಿಗೆ ಅನಂತರವೇ, ನ್ಯಾಯಾಲಯದಲ್ಲೋ ಶವದ ಮುಂದೋ ಕೇಳಲಾಗಿದೆ.

ನಮ್ಮ ಕಾಲೇಜುಗಳ ಭೂಗೋಳ, ಇತಿಹಾಸ, ಜೀವಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು ಬಂಡೀಪುರಕ್ಕೆ ಪ್ರವಾಸ ಹೋಗುವುದು ವಾಡಿಕೆ. ಹುಲಿ ಕಂಡಿತೇ ಇಲ್ಲವೇ ಎಂಬುದರಿಂದಲೇ ಆ ಪ್ರವಾಸದ ಸಾರ್ಥಕ್ಯವನ್ನು ಅಳೆಯಬೇಕಾಗಿಲ್ಲ. ಸಾಲಾಗಿ ನಿಂತ ತೇಗಗಳು ಯಾವ ಕಾಲದವು, ಕೆರೆಯ ಏರಿಯನ್ನು ಯಾರ ಕಣ್ಣಿಗಾಗಿ ಅಲ್ಲಿ ಹಾಕಿದೆ, ಕಂದಕದ ಆಚೆ ಯಾರ ಹೊಲವಿದೆ, ಹಾಡಿಯು ಮೊದಲು ಎಲ್ಲಿತ್ತು ಎಂಬುದನ್ನು ಕೇಳಿ ಗುರುತು ಮಾಡಿಕೊಂಡು ಬಂದರೆ, ಈ ಕಾಡಿನ ಮುಂದಿನ ವಿನ್ಯಾಸವನ್ನು ನಿರ್ಣಯಿಸುವವರಿಗೆ ಬೇಕಾಗುವ ನಕ್ಷೆಯೊಂದು ಕ್ರಮೇಣ ಸಿದ್ಧವಾಗುವುದು.